ಗರಗದ ಸೊಪ್ಪಿನ ಹೆಸರು

ನಮ್ಮ ಮನೆಯಲ್ಲಿ ಒಂದೇ ಸೊಪ್ಪಿಗೆ ನಾಲ್ಕು ಕೆಲಸಗಳಿದ್ದವು. ಪಲ್ಯಕ್ಕೆ ಆಗುತ್ತಿತ್ತು, ತಲೆಗೆ ಹಚ್ಚುವ ಎಣ್ಣೆಗೆ ಆಗುತ್ತಿತ್ತು, ಕೂಸುಗಳ ಕಾಡಿಗೆಗೆ ಆಗುತ್ತಿತ್ತು, ಕಾಮಣಿ ಬಂದವರಿಗೆ, ಅಂದರೆ ಕಾಮಾಲೆಯಾದವರಿಗೆ, ಮದ್ದಾಗುತ್ತಿತ್ತು. ಮೊದಲ ಮೂರು ಕೆಲಸಕ್ಕೆ ಬಂದಾಗ ಅದು ಗರಗ. ನಾಲ್ಕನೆಯದಕ್ಕೆ ಬಂದಾಗ ಅದಕ್ಕೆ ಹೆಸರಿರಲಿಲ್ಲ. ಅವ್ವ ಹೇಳುತ್ತಿರಲಿಲ್ಲ, ಮದ್ದು ಕುಡಿಯಲು ಬಂದವರು ಕೇಳುತ್ತಿರಲಿಲ್ಲ. ಹೆಸರು ಬಾಯಿಗೆ ಬಂದರೆ ಗುಣ ಹೋಗುತ್ತದೆ ಎಂದು ಅವ್ವನಿಗೆ ಅವಳ ಅತ್ತೆ ಹೇಳಿಕೊಟ್ಟಿದ್ದಳು. ಆ ಹೆಸರನ್ನು ಅಚ್ಚಿಗೆ ಹಾಕಿದವನು ನಾನು. ಅದಾಗಿ ಎರಡು ತಿಂಗಳು ತುಂಬುವ ಹೊತ್ತಿಗೆ ನನ್ನ ತಂಗಿ ಕಾಮಣಿಯಿಂದ ತೀರಿಕೊಂಡಳು. ಈ ಎರಡಕ್ಕೂ ಸಂಬಂಧವಿಲ್ಲ ಎಂಬುದು ನನಗೆ ಅಂದೂ ಗೊತ್ತಿತ್ತು, ಇಂದೂ ಗೊತ್ತಿದೆ. ಆದರೂ ನಡೆದದ್ದನ್ನು ನಡೆದ ಹಾಗೆ ಒಮ್ಮೆ ಬರೆದಿಡಬೇಕು.

ಎಂಬತ್ತರ ದಶಕದ ನಡುವಿನ ಮಾತು. ನಮ್ಮ ಊರು ನವಲಗುಂದ ತಾಲೂಕಿನದು, ಅಣ್ಣಿಗೇರಿ ಕಡೆಯ ರಸ್ತೆ ಬಿಟ್ಟು ಒಳಗೆ ಹೋಗಬೇಕು. ಸುತ್ತ ಎರೆಭೂಮಿ, ಹತ್ತಿ ಮತ್ತು ಜೋಳ. ಮಳೆ ಬಿದ್ದ ಮೇಲೆ ಕೆರೆಯ ಹಿಂದಿನ ಜೌಗಿನಲ್ಲಿ, ಹಳ್ಳದ ದಂಡೆಯಲ್ಲಿ ಗರಗ ಏಳುತ್ತಿತ್ತು. ನೋಡಲು ಏನೂ ಇಲ್ಲದ ಗಿಡ. ಕೆಂಪು ಛಾಯೆಯ ದಂಟು, ಮುಟ್ಟಿದರೆ ತರಕಲು ಎಲೆ, ಅಂಗಿ ಗುಂಡಿಗಿಂತ ಸಣ್ಣ ಬಿಳಿ ಹೂವು. ಎಲೆ ಹಿಚುಕಿದರೆ ಮೊದಲು ಹಸಿರು ರಸ ಬರುತ್ತದೆ. ನೋಡನೋಡುತ್ತಿದ್ದಂತೆ ಅದು ಅಂಗೈ ಮೇಲೆ ಕಪ್ಪಾಗುತ್ತದೆ. ಆ ಕಪ್ಪು ಬೂದಿ ಹಾಕಿ ತಿಕ್ಕಿದರೂ ಎರಡು ದಿನ ಹೋಗುವುದಿಲ್ಲ.

ಪಲ್ಯಕ್ಕೆ ಎಳೆಯ ಕುಡಿಗಳನ್ನೇ ಚಿವುಟಿ ತರಬೇಕು. ಒಂದು ಕುದಿ ಬರಿಸಿ ನೀರು ಚೆಲ್ಲಿದರೆ ಕಹಿ ಅರ್ಧ ಹೋಗುತ್ತದೆ. ನೆನೆಸಿದ ಹೆಸರುಬೇಳೆ, ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಇಷ್ಟೇ. ಬಿಸಿ ರೊಟ್ಟಿಯ ಮೇಲೆ ಹಾಕಿಕೊಂಡು ಮೇಲೆ ಒಂದಿಷ್ಟು ಕುಸುಬಿ ಎಣ್ಣೆ ಬಿಟ್ಟುಕೊಂಡರೆ ಉಳಿದ ಕಹಿ ನಾಲಿಗೆಯ ಹಿಂದೆ ಸರಿದು ಅಲ್ಲೇ ಸ್ವಲ್ಪ ಹೊತ್ತು ಕೂರುತ್ತದೆ. ನನಗೆ ಅದು ಸೇರುತ್ತಿರಲಿಲ್ಲ. ತಂಗಿ ಎರಡನೆಯ ಸಲ ಹಾಕಿಸಿಕೊಂಡು ತಿನ್ನುತ್ತಿದ್ದಳು, ನನ್ನ ಮುಖ ನೋಡಿ ನಗುತ್ತಿದ್ದಳು.

ಎಣ್ಣೆಯ ಕೆಲಸ ಶ್ರಾವಣಕ್ಕಿಂತ ಮೊದಲು. ಓಣಿಯ ಹೆಂಗಸರು ತಮ್ಮ ತಮ್ಮ ಪಾಲಿನ ಕೊಬ್ಬರಿ ಎಣ್ಣೆ, ಔಡಲ ಎಣ್ಣೆ, ಅಂದರೆ ಹರಳೆಣ್ಣೆ, ತಂದು ಕೊಡುತ್ತಿದ್ದರು. ಅವ್ವ ರಸ ಹಿಂಡಿ, ಎರಡೂ ಎಣ್ಣೆ ಬೆರೆಸಿ, ಮೆಂತ್ಯ ಹಾಕಿ, ಹಿತ್ತಲಿನ ಒಲೆಯ ಮೇಲೆ ಸಣ್ಣ ಉರಿಯಲ್ಲಿ ಇಡುತ್ತಿದ್ದಳು. ಇದಕ್ಕೆ ಕಣ್ಣಿಗಿಂತ ಕಿವಿ ಮುಖ್ಯ. ರಸದ ನೀರು ಇರುವ ತನಕ ಎಣ್ಣೆ ಚಟಚಟ ಅನ್ನುತ್ತಿರುತ್ತದೆ. ಆ ಸದ್ದು ನಿಂತ ಕೂಡಲೇ ಇಳಿಸಬೇಕು. ಮೊದಲೇ ಇಳಿಸಿದರೆ ಎಣ್ಣೆ ಮುಗ್ಗುತ್ತದೆ, ತಡವಾದರೆ ಸೀಯುತ್ತದೆ. ಸದ್ದು ಕ್ಷೀಣವಾಗುತ್ತ ಬಂದಾಗ ಅವ್ವ ಕೈ ಎತ್ತುತ್ತಿದ್ದಳು, ಎಲ್ಲರೂ ಮಾತು ನಿಲ್ಲಿಸುತ್ತಿದ್ದರು. ನಮ್ಮ ಬಾಜು ಮನೆಯ ಕಾಕುಗೆ ಮಾತ್ರ ಸುಮ್ಮನಿರುವುದು ಆಗುತ್ತಿರಲಿಲ್ಲ.

“ಯಕ್ಕಾ, ನನ್ನ ತಲಿಯಾಗ ಇರೂವು ಹತ್ತ ಕೂದಲ. ಒಂದೊಂದಕ್ಕ ಒಂದೊಂದ ಹನಿ ಸಾಕು. ಉಳಿದದ್ದು ನಿನ್ನ ಮಗಳ ಜಡಿಗೆ ಹಾಕು.”

“ಬಾಯಿ ಮುಚ್ಚಬೇ, ಸದ್ದು ಕೇಳವಲ್ದು,” ಎನ್ನುತ್ತಿದ್ದಳು ಅವ್ವ.

ಇನ್ನು ಮದ್ದು. ಅದು ಆದಿತ್ಯವಾರ ಮತ್ತು ಗುರುವಾರ, ಹೊತ್ತು ಹುಟ್ಟುವ ಮೊದಲು. ಬರಿಹೊಟ್ಟೆಯಲ್ಲಿ ಬರಬೇಕು, ದಾರಿಯಲ್ಲಿ ಯಾರ ಸಂಗಡವೂ ಮಾತಾಡಬಾರದು. ಅವ್ವ ಸ್ನಾನ ಮಾಡಿ, ವಿಭೂತಿ ಧರಿಸಿ, ಬಾಗಿಲು ಹಾಕಿಕೊಂಡು ಒಳಗೆ ಅರೆಯುತ್ತಿದ್ದಳು. ಪಡಸಾಲೆಯಲ್ಲಿ ಹಳೆಯ ಜಮಖಾನೆ ಹಾಸಿರುತ್ತಿತ್ತು. ಬಂದವರನ್ನು ಒಬ್ಬೊಬ್ಬರಾಗಿ ಬಾಗಿಲಿಗೆ ಕರೆದು, ಬೆಳಕಿಗೆ ಮುಖ ಮಾಡಿಸಿ, ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿ, ಆಡಿನ ಹಾಲಿನಲ್ಲಿ ಕದಡಿದ್ದನ್ನು ಕುಡಿಸುತ್ತಿದ್ದಳು. ಎಣ್ಣೆ, ಉಪ್ಪು, ಅರಿಸಿನ ಬಂದ್. ತಲೆಗೂ ಎಣ್ಣೆ ಹಚ್ಚುವಂತಿಲ್ಲ. ಮದ್ದಿಗೆ ಬದಲಾಗಿ ಅವ್ವ ಏನೂ ತೆಗೆದುಕೊಳ್ಳುವಂತಿರಲಿಲ್ಲ, ಒಂದು ತೆಂಗಿನಕಾಯಿ ಕೂಡ. ಕುಂದಗೋಳ ತಾಲೂಕಿನ ಕುಬಿಹಾಳದಿಂದ ಕೂಡ ಹಿಂದಿನ ದಿನವೇ ಬಂದು ಪರಿಚಯದವರ ಮನೆಯಲ್ಲಿ ಉಳಿದು ಬೆಳಿಗ್ಗೆ ಬರುತ್ತಿದ್ದರು.

ಯಾವ ಸೊಪ್ಪು ಎಂಬುದು ಗುಟ್ಟೇನೂ ಆಗಿರಲಿಲ್ಲ. ಬಟ್ಟಲು ಹಿಡಿದ ಅವ್ವನ ಅಂಗೈ ಕಪ್ಪಾಗಿರುತ್ತಿತ್ತು. ಗರಗ ತಿಂದು, ಗರಗ ಹಚ್ಚಿಕೊಂಡು ಬೆಳೆದ ಜನಕ್ಕೆ ಆ ಕಪ್ಪು ಗೊತ್ತಾಗದೆ ಇರುತ್ತದೆಯೇ? ಎಲ್ಲರಿಗೂ ಗೊತ್ತಿತ್ತು, ಯಾರೂ ಹೇಳುತ್ತಿರಲಿಲ್ಲ. ಅವ್ವನ ದೃಷ್ಟಿಯಲ್ಲಿ ಮದ್ದು ನಿಂತಿದ್ದದ್ದೇ ಆ ಹೇಳದಿರುವುದರ ಮೇಲೆ. ಬಹಳ ಜನಕ್ಕೆ ಗುಣವಾಗುತ್ತಿತ್ತು. ಕಾಮಣಿ ಹೆಚ್ಚಿನವರಲ್ಲಿ ಪಥ್ಯದಿಂದ, ವಿಶ್ರಾಂತಿಯಿಂದ ತಾನಾಗಿಯೇ ಇಳಿಯುತ್ತದೆ ಎಂದು ನನಗೆ ತಿಳಿದದ್ದು ಆಮೇಲೆ.

ನಾನು ಆಗ ಹುಬ್ಬಳ್ಳಿಯ ಒಂದು ಪತ್ರಿಕೆಯಲ್ಲಿ ಉಪಸಂಪಾದಕ. ಅಪ್ಪ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಹೊಲ ಪಾಲಿಗೆ ಕೊಟ್ಟಿದ್ದೆವು. ಶನಿವಾರ ಮಧ್ಯಾಹ್ನದ ಬಸ್ಸಿಗೆ ಊರಿಗೆ ಬಂದು ಸೋಮವಾರ ಬೆಳಿಗ್ಗೆ ಹೋಗುತ್ತಿದ್ದೆ. ಪುರವಣಿಯಲ್ಲಿ ಅರ್ಧ ಕಾಲಂ ಖಾಲಿ ಉಳಿದ ಒಂದು ವಾರ, ಹಳ್ಳಿಯ ಔಷಧಿ ಗಿಡದ ಬಗ್ಗೆ ಏನಾದರೂ ಕೊಡು ಎಂದರು ನಮ್ಮ ಹಿರಿಯ ಸಂಪಾದಕರು. ನಾನು ಗರಗದ ಪಲ್ಯ, ಎಣ್ಣೆ, ಕಾಡಿಗೆ ಎಲ್ಲ ಬರೆದು, ಕೊನೆಗೆ, ನಮ್ಮ ಕಡೆಯ ಒಬ್ಬ ಹೆಂಗಸು ಒಂದು ಸೊಪ್ಪಿನಿಂದ ಕಾಮಣಿಗೆ ಉಚಿತವಾಗಿ ಮದ್ದು ಕೊಡುತ್ತಾಳೆ ಎಂದು ಸೇರಿಸಿದೆ. ಅವರು ಕೆಂಪು ಪೆನ್ನಿನಿಂದ ‘ಒಂದು ಸೊಪ್ಪು’ ಎಂಬುದಕ್ಕೆ ಸುತ್ತು ಹಾಕಿದರು.

“ಯಾವ ಸೊಪ್ಪು?”

“ಇದ ರೀ, ಗರಗ.”

“ಹಂಗಂದ್ರ ಗರಗ ಅಂತ ಬರಿ. ಊರ ಹೆಸರ ಬರಿ. ಓದಾವರು ಯಾವ ದೆವ್ವನ್ನ ಹೋಗಿ ಕೇಳಬೇಕು?”

ಬರೆದೆ. ವೃತ್ತಿಯ ದೃಷ್ಟಿಯಿಂದ ಅವರ ಮಾತು ಸರಿಯಾಗಿತ್ತು. ನಾನು ಅವ್ವನನ್ನು ಕೇಳಲಿಲ್ಲ. ಕೆಲವು ದಿನಗಳಲ್ಲಿ ಹಳದಿ ಇಳಿಯದಿದ್ದರೆ ಆಸ್ಪತ್ರೆಗೆ ಹೋಗಬೇಕು ಎಂಬ ಒಂದು ವಾಕ್ಯವೂ ಆ ಬರಹದಲ್ಲಿರಲಿಲ್ಲ. ಅದನ್ನು ಯಾರೂ ತೆಗೆದುಹಾಕಲಿಲ್ಲ. ನನಗೇ ತೋಚಿರಲಿಲ್ಲ.

ಪತ್ರಿಕೆ ನಮ್ಮ ಊರಿಗೆ ಹತ್ತು ಗಂಟೆಯ ಬಸ್ಸಿಗೆ ಬರುತ್ತಿತ್ತು. ಚಹಾದ ಅಂಗಡಿಯಲ್ಲಿ ಒಬ್ಬರು ಗಟ್ಟಿಯಾಗಿ ಓದಿದರೆ ಊರೆಲ್ಲ ಓದಿದ ಹಾಗೆ. ಆ ದಿನ ನಾನು ಊರಲ್ಲೇ ಇದ್ದೆ. ಕಾಕು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಮ್ಮ ಅಂಗಳಕ್ಕೆ ಬಂದಳು.

“ಕೇಳಿದೇನಬೇ ಯಕ್ಕಾ? ನಿನ್ನ ಮಗ ನಿನ್ನ ಮದ್ದಿಗೆ ನಾಮಕರಣ ಮಾಡ್ಯಾನ. ತೊಟ್ಟಲದಾಗ ಹಾಕೂದೊಂದ ಬಾಕಿ!”

ಅವ್ವ ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟಳು. “ಏನ ಬರದೀಪಾ?” ಎಂದು ಕೇಳಿದಳು. ನಾನು ಓದಿ ತೋರಿಸಿದೆ. ಕೊನೆಯ ಸಾಲು ಮುಗಿದ ಮೇಲೆ ಅವಳು ಪತ್ರಿಕೆಯನ್ನು ಕೈಯಿಂದ ಸರಿಸಿದಳು.

“ಪಲ್ಯಾಕ್ಕ ಹೆಸರೈತಿ, ಎಣ್ಣಿಗೆ ಹೆಸರೈತಿ. ಮದ್ದಿಗೆ ಇಲ್ಲ ಅಂತ ನಿನಗ ಗೊತ್ತಿರಲಿಲ್ಲೇನು?”

“ಎಲ್ಲಾರಿಗೂ ಗೊತ್ತಿದ್ದದ್ದ ಐತೆಲ್ಲಾ ಅವ್ವಾ.”

“ಗೊತ್ತಿರೂದು ಬ್ಯಾರೆ, ಅನ್ನೂದು ಬ್ಯಾರೆ.”

ಅವಳು ಬೈಯಲಿಲ್ಲ. ಮತ್ತೆ ಮೊರ ಎತ್ತಿಕೊಂಡಳು. ಬೈದಿದ್ದರೆ ನನಗೆ ಅನುಕೂಲವಾಗುತ್ತಿತ್ತು, ವಾದ ಮಾಡಬಹುದಿತ್ತು.

ಮುಂದಿನ ಎರಡು ಆದಿತ್ಯವಾರ ಜಮಖಾನೆ ಸಾಲದಷ್ಟು ಜನ ಬಂದರು. ಇನ್ನು ಕೆಲವರು ಬರಲೇ ಇಲ್ಲ, ತಾವೇ ಕಿತ್ತು ತಿಂದರು. ಕೆರೆಯ ಹಿಂದೆ ಗರಗ ಬೇರುಸಹಿತ ಖಾಲಿಯಾಯಿತು. ಒಬ್ಬ ತಟ್ಟೆಗಟ್ಟಲೆ ತಿಂದು ವಾಂತಿ ಮಾಡಿಕೊಂಡು ಗಾಡಿಯಲ್ಲಿ ಬಂದಿಳಿದು, ಪೇಪರಿನಲ್ಲಿ ಎಷ್ಟು ತಿನ್ನಬೇಕೆಂದು ಯಾಕೆ ಬರೆದಿಲ್ಲ ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡ. ಅವ್ವ ಬಂದವರನ್ನು ವಾಪಸು ಕಳಿಸಲಿಲ್ಲ. ಆದರೆ ಬಟ್ಟಲು ಕೊಡುವಾಗ ಪ್ರತಿಯೊಬ್ಬರಿಗೂ ಒಂದು ಮಾತು ಹೇಳತೊಡಗಿದಳು: “ಕೊಡಾಕೇನ ಕೊಡತೀನ್ರಿ. ಹತ್ತತೈತಿ ಅಂತ ನಾ ಹೇಳಂಗಿಲ್ಲ.” ಮೂರನೆಯ ವಾರದಿಂದ ಅರೆಯುವುದನ್ನೇ ನಿಲ್ಲಿಸಿದಳು.

ತಂಗಿ ಬಂದದ್ದು ಅದೇ ಹೊತ್ತಿಗೆ. ಅವಳನ್ನು ಕುಂದಗೋಳ ತಾಲೂಕಿಗೆ ಕೊಟ್ಟಿದ್ದೆವು. ಗಂಡ ಅಲ್ಲಿ ಸಾಲೆಯ ಮಾಸ್ತರ. ಚೊಚ್ಚಲ ಬಸುರಿ, ಏಳು ತಿಂಗಳು. ಪದ್ಧತಿಯಂತೆ ತವರಿಗೆ ಬಂದಳು. ಬಂದ ಮರುದಿನವೇ ಅವಳು ಮಾಡಿದ ಕೆಲಸ ಕಾಡಿಗೆಯದು. ಹಳೆಯ ಬಿಳಿ ಧೋತರದ ತುಂಡನ್ನು ಗರಗದ ರಸದಲ್ಲಿ ಅದ್ದಿ ನೆರಳಿನಲ್ಲಿ ಒಣಗಿಸಬೇಕು, ಮತ್ತೆ ಅದ್ದಬೇಕು, ಮತ್ತೆ ಒಣಗಿಸಬೇಕು. ಹೀಗೆ ಏಳು ಸಲ. ಆಮೇಲೆ ಅದರ ಬತ್ತಿ ಹೊಸೆದು ಔಡಲ ಎಣ್ಣೆಯಲ್ಲಿ ಹಚ್ಚಿ, ಮೇಲೆ ಹಿತ್ತಾಳೆಯ ತಟ್ಟೆ ಬೋರಲು ಹಾಕಿ ಮಸಿ ಹಿಡಿಯಬೇಕು. ಸೊಪ್ಪು ಸಿಗದೆ ನನ್ನನ್ನು ಹಳ್ಳದ ಆಚೆ ದಂಡೆಗೆ ಓಡಿಸಿದಳು.

“ಪೇಪರಿನ್ಯಾಗ ಹಾಕಿ ಊರ ಮಂದಿಗೆಲ್ಲಾ ತಿನಸೀದಿ. ಈಗ ನಿನ್ನ ಸ್ವಾದರ ಅಳಿಯಾಗ ಕಾಡಗಿಗೆ ಇಲ್ಲ. ಹೋಗು, ಹುಡುಕ್ಯಾಡು.”

“ಸ್ವಾದರ ಸೊಸಿ ಆದ್ರ?”

“ಆಕಿ ನನ್ನಂಗ ಚಂದ ಇರತಾಳ, ಕಾಡಗಿ ಬೇಕಾಗಂಗಿಲ್ಲ.”

ಅವ್ವ ನಕ್ಕಳು. ಲೇಖನ ಬಂದ ಮೇಲೆ ಅವಳು ನನ್ನೆದುರಿಗೆ ನಕ್ಕದ್ದು ಅದೇ ಮೊದಲು.

ಭಾದ್ರಪದದ ಒಂದು ಶನಿವಾರ ನಾನು ಊರಿಗೆ ಬಂದಾಗ ತಂಗಿ ಪಡಸಾಲೆಯಲ್ಲಿ ಮಲಗಿದ್ದಳು. ಎರಡು ದಿನದಿಂದ ಊಟ ಸೇರುತ್ತಿರಲಿಲ್ಲವಂತೆ. ಅದು ಬಸುರಿಯ ಸಂಕಟ ಎಂದುಕೊಂಡಿದ್ದರಂತೆ. ಅವ್ವ ನನ್ನನ್ನು ನೋಡಿದ ಕೂಡಲೇ ತಂಗಿಯನ್ನು ಎಬ್ಬಿಸಿ ಬಾಗಿಲಿಗೆ ಕರೆತಂದಳು. ಪಡುವಣದ ಬಿಸಿಲಿಗೆ ಮುಖ ಮಾಡಿಸಿ ಕಣ್ಣಿನ ರೆಪ್ಪೆ ಎಳೆದಳು. ಒಳಗೆ ಹಳದಿ. ನೂರಾರು ಜನರ ಕಣ್ಣನ್ನು ಹಾಗೆ ಒಂದೇ ಸಲ ನೋಡಿ ಬಿಡುತ್ತಿದ್ದ ಅವಳು ಅವತ್ತು ಇನ್ನೊಂದು ಕಣ್ಣನ್ನೂ ಎಳೆದು ನೋಡಿದಳು.

ನಾಳೆ ಆದಿತ್ಯವಾರ. ನಾನು ಸಹಜವಾಗಿ ಕೇಳಿದೆ, “ಬೆಳಿಗ್ಗೆ ಕೊಡತೀ ಏನವ್ವಾ?”

“ನಾ ಕೊಡಂಗಿಲ್ಲ. ನನ್ನ ಮದ್ದು ಸತ್ತೈತಿ.”

“ಹಂಗಾದ್ರ ಈಗ ಹುಬ್ಬಳ್ಳಿಗೆ ಹೋಗೂಣು. ದವಾಖಾನಿಗೆ.”

“ಕಾಮಣಿಗೆ ಸೂಜಿ ಚುಚ್ಚಿದ್ರ ಉಳಿಯಂಗಿಲ್ಲ. ಅದರಾಗ ಎರಡ ಜೀವ. ಆ ಬಸ್ಸಿನ್ಯಾಗ ಈಕಿನ್ನ ಕುಲುಕಿಸಿಗೊಂತ ಒಯ್ಯತೀಯೇನು?”

ಸೂಜಿಯ ಈ ಮಾತು ಅವ್ವನೊಬ್ಬಳದಲ್ಲ, ನಮ್ಮ ಕಡೆ ಎಲ್ಲ ಮನೆಗಳಲ್ಲೂ ಇತ್ತು. ತಂಗಿ ಗೋಡೆಗೆ ಒರಗಿ ಕೂತು ನಮ್ಮಿಬ್ಬರ ಮಾತು ಕೇಳುತ್ತಿದ್ದಳು. “ಅವ್ವಾ, ನೀನ ಕೊಡಬೇ,” ಎಂದಳು. “ಹೆಸರಿಗೇನರ ಆಗವಲ್ದ್ಯಾಕ, ಸೊಪ್ಪು ಅದ ಐತೆಲ್ಲಾ.”

“ನಿನಗ ತಿಳಿಯಂಗಿಲ್ಲ, ಸುಮ್ಕಿರು.”

“ನಿನ್ನ ಕೈಲೆ ಕುಡದ್ರ ನನಗ ಧೈರ್ಯ ಬರತೈತಿ.”

ಅವ್ವ ಒಳಗೆ ಹೋದಳು. ತಿರುಗಿ ಬಂದಾಗ ಅವಳು ನಿರ್ಧಾರ ಮಾಡಿಯಾಗಿತ್ತು. ಕಲಘಟಗಿ ತಾಲೂಕಿನಲ್ಲಿ, ಬಮ್ಮಿಗಟ್ಟಿಯಿಂದ ಒಳಗೆ ನಡೆದು ಹೋಗುವ ಒಂದು ಊರಲ್ಲಿ, ಕಾಮಣಿಗೆ ಕೊಡುವ ಒಬ್ಬ ಮುದುಕರಿದ್ದರು. ಅವರ ಮದ್ದಿನ ಹೆಸರು ಯಾರ ಬಾಯಿಗೂ ಬಿದ್ದಿಲ್ಲ. ಅಲ್ಲಿಂದ ತರಬೇಕು.

ಇಲ್ಲಿ ನನ್ನ ಪಾಲನ್ನು ಸ್ಪಷ್ಟವಾಗಿ ಬರೆಯಬೇಕು. ನನಗೆ ಇಪ್ಪತ್ತೇಳು ವರ್ಷ. ಮನೆಯಲ್ಲಿ ಓದಿದ ಗಂಡಸು ನಾನೊಬ್ಬನೇ. ಬಸುರಿಗೆ ಕಾಮಣಿಯಾದರೆ ಅಪಾಯ ಎಂದು ಎಲ್ಲೋ ಓದಿದ ನೆನಪೂ ಇತ್ತು. ನಾನು ಹಟ ಹಿಡಿದಿದ್ದರೆ ಅವ್ವ ಅತ್ತು ಒಪ್ಪಿಕೊಳ್ಳುತ್ತಿದ್ದಳು. ಆದರೆ ಅವಳ ಮದ್ದನ್ನು ಕೆಡಿಸಿದವನು ನಾನು ಎಂಬ ಭಾವನೆ ಆ ಮನೆಯಲ್ಲಿ ತುಂಬಿಕೊಂಡಿತ್ತು, ಮತ್ತು ಅದನ್ನು ನಂಬದ ನಾನು ಕೂಡ ಅದರ ಕೆಳಗೆ ತಲೆ ಬಗ್ಗಿಸಿಯೇ ಓಡಾಡುತ್ತಿದ್ದೆ. ಇನ್ನೊಮ್ಮೆ ಅವಳ ಮಾತು ಮೀರುವ ಶಕ್ತಿ ನನಗಿರಲಿಲ್ಲ. ಹೋಗಿ ತರುತ್ತೇನೆ ಎಂದೆ.

ಆದಿತ್ಯವಾರ ಮೊದಲ ಬಸ್ಸಿಗೆ ಹುಬ್ಬಳ್ಳಿ, ಅಲ್ಲಿಂದ ಕಲಘಟಗಿ ಕಡೆಯ ಬಸ್ಸು. ಇಳಿದು ಕೆಸರಿನಲ್ಲಿ ನಡೆದೆ. ಆ ಕಡೆ ಭತ್ತದ ಗದ್ದೆಗಳು, ನಮ್ಮ ಕಡೆಗಿಂತ ಹಸಿರು ಹೆಚ್ಚು. ನಾನು ಮುಟ್ಟುವಾಗ ಮಧ್ಯಾಹ್ನ. ಮುದುಕರು ಕಟ್ಟೆಯ ಮೇಲೆ ಕೂತು ಅಡಕೆ ಕತ್ತರಿಸುತ್ತಿದ್ದರು.

“ಹೊತ್ತ ಹುಟ್ಟೂದಕ್ಕ ಮೊದಲ ಬರಬೇಕಿತ್ತಲ್ರಿ.”

“ದೂರ ರೀ. ನವಲಗುಂದ ಕಡೆಯಿಂದ ಬಂದೀನಿ.”

“ನವಲಗುಂದ ಕಡೆ ಒಬ್ಬಾಕಿ ಹೆಣ್ಣಮಗಳ ಕೊಡತಾಳಂತಲ್ಲಾ. ಪೇಪರಿಗೆ ಬಂದಿತ್ತಂತ.”

“ಆಕಿ ಈಗ ಕೊಡಂಗಿಲ್ರೀ,” ಎಂದೆ.

ಅವರು ಹೆಚ್ಚು ಕೇಳಲಿಲ್ಲ. ಯಾರಿಗೆ, ಎಷ್ಟು ದಿನವಾಯಿತು ಎಂದು ವಿಚಾರಿಸಿದರು. ಬಸುರಿ ಎಂದಾಗ ಅಡಕೆ ಕತ್ತರಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. “ದವಾಖಾನಿಗೂ ತೋರಸ್ರಿ,” ಎಂದರು. ಇದು ನನಗೆ ಚೆನ್ನಾಗಿ ನೆನಪಿದೆ. ನಾಡಮದ್ದಿನ ಆ ಮುದುಕರು ಹೇಳಿದ ಮಾತನ್ನು ಪತ್ರಿಕೆಯ ನಾನು ಬರೆದಿರಲಿಲ್ಲ. ಒಳಗೆ ಹೋಗಿ ಅವರು ಮುತ್ತುಗದ ಎಲೆಯಲ್ಲಿ ಕಟ್ಟಿದ ಒಂದು ಉಂಡೆ ತಂದು, ಗುರುವಾರ ಬೆಳಗಿನ ಜಾವ ಆಡಿನ ಹಾಲಿನಲ್ಲಿ ಕದಡಿ ಕುಡಿಸಲು ಹೇಳಿದರು. ಪೊಟ್ಟಣ ಕೊಡಲು ಚಾಚಿದ ಅವರ ಅಂಗೈ ಕಪ್ಪಾಗಿತ್ತು.

ಹೊರಗೆ ಬಂದು ಪೊಟ್ಟಣ ಮೂಸಿ ನೋಡಿದೆ. ಅನುಮಾನವೇ ಇರಲಿಲ್ಲ. ಗರಗ, ಜೊತೆಗೆ ಕರಿಮೆಣಸು. ನಮ್ಮ ಮನೆಯಲ್ಲಿ ಅರೆಯುತ್ತಿದ್ದದ್ದೇ.

ಮನೆಗೆ ಬಂದು ಪೊಟ್ಟಣ ಕೊಟ್ಟೆ. ಅವ್ವ ಎಲೆ ಬಿಚ್ಚಿದಳು, ನೋಡಿದಳು, ಬೆರಳಿನಿಂದ ಮುಟ್ಟಿದಳು, ಮತ್ತೆ ಕಟ್ಟಿದಳು. ಅವಳಿಗೆ ಗೊತ್ತಾಯಿತು. ನನಗೆ ಗೊತ್ತಿರುವುದೂ ಅವಳಿಗೆ ಗೊತ್ತಾಯಿತು. ಪೊಟ್ಟಣವನ್ನು ದೇವರ ಜಗುಲಿಯ ಮೇಲೆ ಇಟ್ಟಳು. ಗುರುವಾರ ಬರುವ ತನಕ ಅದು ಅಲ್ಲೇ ಇತ್ತು. ಈ ಸಲ ನಾನೂ ಹೆಸರು ಹೇಳಲಿಲ್ಲ, ಮತ್ತು ಆ ದಿನಗಳು ಹೋದವು.

ನಾನು ರಜೆ ಹಾಕಿ ಊರಲ್ಲೇ ಉಳಿದೆ. ಸೋಮವಾರ, ಮಂಗಳವಾರ ತಂಗಿ ಎದ್ದು ಓಡಾಡಿದಳು. ಉಪ್ಪಿಲ್ಲದ ಗಂಜಿ ಕುಡಿದಳು. ಪಥ್ಯಕ್ಕೆಂದು ತಲೆಗೆ ಎಣ್ಣೆ ನಿಂತಿತ್ತು. ಮೊಣಕಾಲಿನ ತನಕ ಬರುತ್ತಿದ್ದ ಅವಳ ಜಡೆ ಒಣಗಿ ಸಿಕ್ಕಾಗಿ, ಬಾಚುವ ಹಣಿಗೆ ಇಳಿಯದಾಯಿತು. ಕಾಕು ಸಿಕ್ಕು ಬಿಡಿಸಲು ಕೂತು, “ನಿನ್ನ ಜಡಿ ನನಗ ಕೊಡು, ನನ್ನ ಹತ್ತ ಕೂದಲ ನೀ ತಗೋ. ಬಾಣಂತನದಾಗ ಹಗುರಾಗತೈತಿ,” ಎಂದಳು. ತಂಗಿ ನಕ್ಕಳು, ಆದರೆ ನಗು ಮುಗಿಸಲಾಗದೆ ಕಣ್ಣು ಮುಚ್ಚಿಕೊಂಡಳು. ಗುರುವಾರ ಹೊತ್ತು ಹುಟ್ಟುವ ಮೊದಲು ಅವ್ವ ಮದ್ದು ಕದಡಿದಳು. ಬಟ್ಟಲನ್ನು ತಾನು ಹಿಡಿಯದೆ ನನ್ನ ಕೈಗೆ ಕೊಟ್ಟು ಕುಡಿಸಲು ಹೇಳಿದಳು. ಕುಡಿಸಿದೆ.

ಶುಕ್ರವಾರ ಅವಳು ಹಗಲೆಲ್ಲ ಮಲಗಿದಳು. ಮದ್ದು ಹತ್ತಿದೆ, ಅದಕ್ಕೇ ನಿದ್ದೆ ಎಂದಳು ಅವ್ವ. ಶನಿವಾರ ಬೆಳಿಗ್ಗೆ ತಂಗಿ ನನ್ನನ್ನು ನೋಡಿ, “ಮಾಸ್ತರ ಬಂದ್ರೇನು?” ಎಂದು ಕೇಳಿದಳು. ನಾನು ಯಾರೆಂದು ಅವಳಿಗೆ ಗುರುತಾಗಲಿಲ್ಲ. ಆಗ ನಾನು ಅವ್ವನನ್ನು ಕೇಳಲಿಲ್ಲ. ಊರಲ್ಲಿದ್ದ ಒಂದು ಟ್ರ್ಯಾಕ್ಟರಿನ ಟ್ರೇಲರಿಗೆ ಹೊಟ್ಟು ತುಂಬಿ, ಮೇಲೆ ಜಮಖಾನೆ ಹಾಸಿ, ಅವಳನ್ನು ಮಲಗಿಸಿಕೊಂಡು ರಸ್ತೆಗೆ ಬಂದೆವು. ಅಲ್ಲಿಂದ ಒಂದು ಟೆಂಪೊದಲ್ಲಿ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ. ದಾರಿಯುದ್ದಕ್ಕೂ ಅವ್ವ ಅವಳ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

ಆಸ್ಪತ್ರೆಯಲ್ಲಿ ಅವಳನ್ನು ಕೂಡಲೇ ಒಳಗೆ ಒಯ್ದರು. ಸ್ವಲ್ಪ ಹೊತ್ತಿಗೆ ವಯಸ್ಸಾದ ಒಬ್ಬ ಡಾಕ್ಟರ್ ಹೊರಗೆ ಬಂದು ನಮ್ಮನ್ನು ಕರೆದರು.

“ಏನರ ಗಾಂವಠಿ ಔಷಧ ಕೊಟ್ಟೀರೇನು?”

“ಕೊಟ್ಟೀವ್ರಿ.”

“ಏನು?”

ಅವ್ವ ನನ್ನ ಅಂಗಿಯ ತೋಳು ಹಿಡಿದಳು. ಬೇಡ ಎಂದು ತಲೆ ಅಲ್ಲಾಡಿಸಿದಳು. ಒಳಗೆ ತಂಗಿಗೆ ಇನ್ನೂ ಜೀವವಿತ್ತು. ಗುರುವಾರ ಕುಡಿಸಿದ ಮದ್ದು ಅವಳ ಹೊಟ್ಟೆಯಲ್ಲಿ ಇನ್ನೂ ಕೆಲಸ ಮಾಡುತ್ತಿದೆ ಎಂದು ಅವ್ವ ನಂಬಿದ್ದಳು. ಹೆಸರು ಹೇಳಿದರೆ ಅದು ಅಲ್ಲಿಗೆ ಮುಗಿಯಿತು.

“ಲಗೂ ಹೇಳ್ರಿ. ನಾ ಅದನ್ನ ತಿಳಕೊಂಡ ಮುಂದ ಕೊಡಬೇಕು.”

“ಗರಗದ ಸೊಪ್ಪು,” ಎಂದೆ. “ಕರಿಮೆಣಸು, ಆಡಿನ ಹಾಲು.”

ಅವರು ಬರೆದುಕೊಂಡು ಒಳಗೆ ಹೋದರು. ಅವ್ವ ನನ್ನ ತೋಳು ಬಿಟ್ಟಳು.

ಆದಿತ್ಯವಾರ ಸುದ್ದಿ ತಿಳಿದು ಮಾಸ್ತರರು ಬಂದರು. ಅವಳಿಗೆ ಅವರ ಗುರುತೂ ಹತ್ತಲಿಲ್ಲ. ಸಂಜೆ ಕೂಸು ಹುಟ್ಟಿತು, ಉಸಿರಿರಲಿಲ್ಲ. ಗಂಡು. ಸೋಮವಾರ ಬೆಳಿಗ್ಗೆ ಎಂಟರ ಸುಮಾರಿಗೆ ತಂಗಿ ತೀರಿಕೊಂಡಳು. ಆಗ ಒಳಗೆ ಅವ್ವ ಇದ್ದಳು. ನಾನು ಔಷಧಿ ತರಲು ಹೋಗಿದ್ದೆ.

ಕಾಗದಗಳಿಗೆ ಸಹಿ ಹಾಕುವಾಗ ನಾನು ಆ ಡಾಕ್ಟರನ್ನು ಕೇಳಿದೆ. ನನ್ನ ಕೆಲಸದಲ್ಲಿ ಕೇಳಿ ಕೇಳಿ ರೂಢಿಯಾದ ದನಿಯಲ್ಲೇ ಕೇಳಿದೆ ಎಂದು ನೆನಪು. ಆ ಸೊಪ್ಪಿನಿಂದ ಏನಾದರೂ ಆಯಿತೇ?

“ಆ ಸೊಪ್ಪು ಏನೂ ಮಾಡಿಲ್ಲ. ಒಳ್ಳೇದೂ ಮಾಡಿಲ್ಲ, ಕೆಟ್ಟದ್ದೂ ಮಾಡಿಲ್ಲ,” ಎಂದರು. “ಬಸರಿ ಹೆಣ್ಣಮಕ್ಕಳಿಗೆ ಈ ಕಾಮಣಿ ಬಂದ್ರ ಭಾಳ ಕಠಿಣ. ಒಂದ ವಾರ ಮೊದಲ ತಂದಿದ್ರ ನಾವು ಏನರ ಪ್ರಯತ್ನ ಮಾಡಬಹುದಿತ್ತು. ಉಳೀತಿದ್ಲು ಅಂತ ನಾ ಹೇಳಂಗಿಲ್ಲ. ಪ್ರಯತ್ನ ಮಾಡಬಹುದಿತ್ತು.”

ತಾಯಿ ಮತ್ತು ಕೂಸನ್ನು ನಮ್ಮ ಹೊಲದಲ್ಲೇ ಮಣ್ಣು ಮಾಡಿದೆವು.

ಮೂರು ದಿನ ಅವ್ವ ಊಟ ಮಾಡಲಿಲ್ಲ. ಕಾಕು ರೊಟ್ಟಿ ಮಾಡಿ ತಂದು ಇಟ್ಟು ಹೋಗುತ್ತಿದ್ದಳು, ಒಂದು ಮಾತೂ ಆಡುತ್ತಿರಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಪಡಸಾಲೆಯಲ್ಲಿ ನಾವಿಬ್ಬರೇ ಇದ್ದೆವು. ಅವ್ವ ನೆಲ ನೋಡುತ್ತಲೇ ಕೇಳಿದಳು.

“ಆ ಡಾಕ್ಟರ್ ಸಂಗಾಟ ಮಾತಾಡೀದೆಲ್ಲಾ. ಏನಂದ್ರು?”

ನಾನು ಎದ್ದು ನೀರಿನ ತಂಬಿಗೆ ತಂದು ಅವಳ ಮುಂದಿಟ್ಟೆ.

“ನಾ ಆ ಶನಿವಾರನ ಕಳಸಬೇಕಿತ್ತೇನು? ಖರೇ ಹೇಳು. ನಾ ತಡಾ ಮಾಡಿದ್ನೇನು?”

ಡಾಕ್ಟರ್ ಹೇಳಿದ ಮಾತು ಅಕ್ಷರ ಅಕ್ಷರ ನನ್ನ ಬಳಿ ಇತ್ತು. ಅದುವರೆಗೆ ನಾನು ಕೇಳಿದ್ದನ್ನು ಕೇಳಿದ ಹಾಗೆ ಹೇಳುವುದನ್ನೇ ಕಲಿತಿದ್ದೆ. ಅವ್ವ ತಲೆ ಎತ್ತಿ ನನ್ನ ಮುಖ ನೋಡಿದಳು. ಅವಳಿಗೆ ಐವತ್ತೂ ಆಗಿರಲಿಲ್ಲ. ಇನ್ನೂ ಎಷ್ಟು ವರ್ಷ ಆ ಮಾತನ್ನು ಇಟ್ಟುಕೊಂಡು ಆ ಮನೆಯಲ್ಲಿ ಇರಬೇಕಾಗುತ್ತದೆ ಎಂದು ಲೆಕ್ಕ ಹಾಕಿದೆ.

“ತಡಾ ಏನಲ್ಲವ್ವಾ,” ಎಂದೆ. “ನಾ ಹೆಸರ ಹೇಳಬಾರದಿತ್ತು. ಪೇಪರಿನ್ಯಾಗೂ ಹಾಕಬಾರದಿತ್ತು, ಅಲ್ಲೂ ಹೇಳಬಾರದಿತ್ತು.”

ಅವಳು ಬಹಳ ಹೊತ್ತು ನನ್ನನ್ನೇ ನೋಡಿದಳು. ನಂಬಿದಳೋ, ನಂಬಬೇಕೆಂದು ನಿರ್ಧರಿಸಿದಳೋ, ನನಗೆ ಹೇಳಲಾಗದು. ಆಮೇಲೆ ಕಾಕು ಇಟ್ಟು ಹೋಗಿದ್ದ ಬುಟ್ಟಿಯನ್ನು ಹತ್ತಿರ ಎಳೆದುಕೊಂಡು ಒಂದು ರೊಟ್ಟಿ ಮುರಿದಳು, ಅರ್ಧ ನನ್ನ ಮುಂದಿಟ್ಟಳು.

“ಬಿಡು,” ಎಂದಳು. “ನೀ ಏನ ಮಾಡತೀ, ನಿನ್ನ ಕೆಲಸನ ಅಂಥಾದ್ದು. ನಾ ಏನೂ ಮನಸ್ಸಿನ್ಯಾಗ ಇಟ್ಟಕೊಂಡಿಲ್ಲ. ಉಣ್ಣು.”

ನಾನು ಉಂಡೆ.